ದೇಹದೊಳಗೆ ಬಂದ ಪಿಂಗಾಣಿ

(ರಾಮನಗರದ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ವೇದಿಕೆಯಲ್ಲಿ ಸಾಮಾನ್ಯವಾಗಿ ವಚನಗಳ ನಿರ್ವಚನ ನಡೆಯುತ್ತದೆ. ಅದನ್ನು ಮಾಡುವ ಯೋಗ್ಯತೆ ನನಗಿಲ್ಲ. ನಾನು ವಿದ್ಯುತ್ ಮಂಡಳಿಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತನಾದವನು. ಕಂಬ, ತಂತಿ, ಪಿಂಗಾಣಿ ಇನ್ಸುಲೇಟರ್, ಇಷ್ಟೇ ನನ್ನ ಕಾಯಕ. ಇವತ್ತು ಆ ಪಿಂಗಾಣಿಯ ನೆಂಟನೊಬ್ಬ ನಮ್ಮ ನಿಮ್ಮ ಮೈಯೊಳಗೆ ಬಂದು ಕೂತಿರುವ ವಿಷಯ ಹೇಳುತ್ತೇನೆ. ಏಕೆ ಹೇಳಬೇಕೆನಿಸಿತು ಅನ್ನುವುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಕ್ಕ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮುರಿದಿತ್ತು. ಎರಡು ದಿನದೊಳಗೆ ಆಪರೇಷನ್ ಮಾಡಿ ಕೃತಕ ಗುಂಡು ಕೂರಿಸೋಣ ಅಂದರು ಡಾಕ್ಟರು. ಮನೆಯಲ್ಲಿ ಮಾತು ಶುರುವಾಯಿತು. ನೆಂಟರಲ್ಲಿ ಹಿರಿಯರೊಬ್ಬರು, ದೀಕ್ಷೆಯಾದ ಅಂಗದೊಳಗೆ ಹೊರಗಿನ ವಸ್ತು ಸೇರಿಸಬಾರದು ಅಂದರು. ಇನ್ನೊಬ್ಬರು, ಇವೆಲ್ಲ ದನದ ಮೂಳೆಯಿಂದ ಮಾಡೋದು ಅಂದರು. ಅಕ್ಕ ನನ್ನ ಕೈ ಹಿಡಿದು, "ಆಪರೇಷನ್ ಆಗಲಪ್ಪ, ಆದರೆ ಲಿಂಗ ತೆಗೀಬೇಕಂತೆ, ಅದೊಂದು ನನ್ನ ಕೈಲಾಗಲ್ಲ" ಅಂದರು. ಒಂಬತ್ತು ದಿನ ಹೀಗೇ ಹೋಯಿತು. ಹತ್ತನೆಯ ದಿನ ಆಪರೇಷನ್ ಆಗುವ ಹೊತ್ತಿಗೆ ಬೆನ್ನಿನಲ್ಲಿ ಹುಣ್ಣಾಗಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ಆಮೇಲೆ ಒಂದು ವರ್ಷದ ಮೇಲೆ ಎರಡು ತಿಂಗಳು ಬದುಕಿದ್ದರು. ಪೂಜೆಯ ಜಾಗಕ್ಕೆ ತಾವಾಗಿ ನಡೆದು ಹೋದದ್ದು ನಾನು ಕಾಣಲಿಲ್ಲ.

ಆ ಒಂಬತ್ತು ದಿನವೂ ನಾನು ಅಲ್ಲೇ ಇದ್ದೆ. ಆ ಮೂರು ಮಾತಿಗೂ ಉತ್ತರ ಹುಡುಕಬಲ್ಲಷ್ಟು ಓದಿದ್ದೆ. ಹಿರಿಯರ ಎದುರು ಮಾತಾಡುವುದು ಬೇಡ ಅಂತ ಸುಮ್ಮನಿದ್ದೆ. ಆಗ ಆಡಬೇಕಾಗಿದ್ದನ್ನು ಈಗ ಆಡುತ್ತಿದ್ದೇನೆ.

ಮೊದಲು ವಸ್ತುವಿನ ವಿಚಾರ. ಸೆರಾಮಿಕ್ ಅಂದರೆ ಮಣ್ಣಿನ ಜಾತಿಯ ಪುಡಿಯನ್ನು ರೂಪ ಕೊಟ್ಟು ಬೆಂಕಿಯಲ್ಲಿ ಬೇಯಿಸಿದ್ದು, ಅಷ್ಟೆ. ಕುಂಬಾರ ಗುಂಡಯ್ಯನವರ ಆವಿಗೆಯಿಂದ ಬಂದದ್ದೂ ಅದೇ ಕುಲ. ನಮ್ಮ ರಾಮನಗರದ ಬೆಟ್ಟಗಳ ಕಲ್ಲಿಗೆ ಭೂವಿಜ್ಞಾನಿಗಳು ಇಡೀ ಲೋಕದಲ್ಲಿ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಕರೆಯುತ್ತಾರೆ, ನಮ್ಮೂರಿನ ಹಳೆಯ ಹೆಸರಿನಿಂದ. ಸುಮಾರು 250 ಕೋಟಿ ವರ್ಷದ ಕಲ್ಲು. ಅದರಲ್ಲಿ ಇರುವ ಫೆಲ್ಡ್‌ಸ್ಪಾರ್ ಮತ್ತು ಬೆಣಚು ಎರಡೂ ಪಿಂಗಾಣಿಗೆ ಬೇಕಾದ ಸಾಮಗ್ರಿ. ಫೆಲ್ಡ್‌ಸ್ಪಾರ್ ಮಳೆ ಬಿಸಿಲಿಗೆ ಸಿಕ್ಕಿ ಲಕ್ಷಾಂತರ ವರ್ಷ ಕೊಳೆತರೆ ಬಿಳಿ ಜೇಡಿಯಾಗುತ್ತದೆ, ಅದು ಮೂರನೆಯ ಸಾಮಗ್ರಿ. ಹೊರಗಿನ ವಸ್ತು ಅನ್ನುವವರು ಕಿಟಕಿಯಿಂದ ಒಮ್ಮೆ ಬೆಟ್ಟದ ಕಡೆ ನೋಡಬೇಕು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತಲ್ಲ, ಸುಮಾರು 147 ಕಿಲೋಮೀಟರ್, ಆ ಲೈನು ಹೋದದ್ದು ಕನಕಪುರದ ಸೀಮೆಯ ಮೇಲೆ. ಆಗ ಊರಿನ ಹೆಸರು ಕಾನಕಾನಹಳ್ಳಿ. ಕಂಬದ ಮೇಲೆ ಆ ತಂತಿಯನ್ನು ಹಿಡಿದು ಕೂತದ್ದು ಪಿಂಗಾಣಿಯ ಬಟ್ಟಲು. ಮುಂದೆ ಮೈಸೂರು ಸಂಸ್ಥಾನವೇ ಬೆಂಗಳೂರಿನಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಮಾಡಿತು. ಅದು ಆಮೇಲೆ ಬಿಎಚ್‌ಇಎಲ್‌ಗೆ ಸೇರಿತು. ಆ ಬಟ್ಟಲುಗಳಿಗೆ ಹೆಚ್ಚು ಬಲ ಬೇಕಾದಾಗ ಬೆರೆಸುವ ಬಿಳಿ ಪುಡಿಗೆ ಅಲ್ಯುಮಿನಾ ಅಂತ ಹೆಸರು. ಕೆಂಪು ಮಾಣಿಕ್ಯ ಇದೆಯಲ್ಲ, ಅದೂ ರಾಸಾಯನಿಕವಾಗಿ ಇದೇ ವಸ್ತು. ಗಡಸುತನದಲ್ಲಿ ವಜ್ರ ಹತ್ತಾದರೆ ಇದು ಒಂಬತ್ತು.

ಇದೇ ಅಲ್ಯುಮಿನಾವನ್ನು 1970ರಲ್ಲಿ ಫ್ರಾನ್ಸಿನ ಪೋ ಎಂಬ ಊರಿನ ಪಿಯರ್ ಬೂತ್ಯಾಂ ಎಂಬ ಶಸ್ತ್ರವೈದ್ಯರು ಮನುಷ್ಯನ ಸೊಂಟದ ಕೀಲಿಗೆ ಹಾಕಿದರು. ಗುಂಡೂ ಅದೇ, ಗುಂಡು ಕೂರುವ ಬಟ್ಟಲೂ ಅದೇ. ಅವರಿಗೇಕೆ ಈ ಯೋಚನೆ ಬಂತು ಅಂದರೆ, ಲೋಹದ ಗುಂಡು ಪ್ಲಾಸ್ಟಿಕ್ಕಿನ ಬಟ್ಟಲಲ್ಲಿ ತಿರುಗಿ ತಿರುಗಿ ಪ್ಲಾಸ್ಟಿಕ್ ಸವೆಯುತ್ತಿತ್ತು. ಸವೆದ ಪುಡಿ ಅಕ್ಕಪಕ್ಕದ ಮೂಳೆಯನ್ನೇ ಕರಗಿಸಿ ಕೀಲು ಸಡಿಲವಾಗುತ್ತಿತ್ತು.

ಇದನ್ನು ರಾಮನಗರದವರಿಗೆ ಬಹಳ ವಿವರಿಸಬೇಕಿಲ್ಲ. ಗೂಡು ಬಿಚ್ಚುವ ರೀಲರ್‌ಗಳು ಇಲ್ಲಿ ಎಷ್ಟೋ ಜನ ಇದ್ದೀರಿ. ಬಾಂಡಲಿಯಿಂದ ಎದ್ದ ಎಳೆ ರಾಟೆಗೆ ಹೋಗುವ ಮುಂಚೆ ಸಣ್ಣ ತೂತಿರುವ ಪಿಂಗಾಣಿ ಬಟನ್ನಿನೊಳಗೆ ಹಾಯುತ್ತದೆ. ಅಲ್ಲಿ ಲೋಹ ಏಕೆ ಇಟ್ಟಿಲ್ಲ? ಒದ್ದೆ ರೇಷ್ಮೆ ಎಷ್ಟು ನಯವಾದರೂ ಹಗಲೂ ರಾತ್ರಿ ಉಜ್ಜಿದರೆ ಮೆದು ಲೋಹದಲ್ಲಿ ಗೀರು ಬೀಳುತ್ತದೆ. ಆ ಗೀರಿಗೆ ಸಿಕ್ಕಿ ಎಳೆ ಹರಿಯುತ್ತದೆ. ಪಿಂಗಾಣಿ ಎಳೆಯನ್ನೂ ಕೆಡಿಸುವುದಿಲ್ಲ, ತಾನೂ ಸವೆಯುವುದಿಲ್ಲ. ಸೊಂಟದ ಕೀಲಿನ ಲೆಕ್ಕವೂ ಅದೇ.

ಸವೆಯದ ವಸ್ತುವಿಗೆ ಒಂದು ಕೊರತೆ ಇದೆ. ಅದು ಬಗ್ಗುವುದಿಲ್ಲ, ಒಡೆಯುತ್ತದೆ. ಮಡಕೆ ಕೊಳ್ಳುವಾಗ ತಾಯಂದಿರು ಬೆರಳಲ್ಲಿ ತಟ್ಟಿ ನೋಡುತ್ತೀರಿ. ಟಣ್ ಅಂದರೆ ಸರಿ, ಬಡ್ ಅಂದರೆ ಬಿರುಕು. ನಮ್ಮ ಲೈನ್‌ಮನ್‌ಗಳೂ ಇನ್ಸುಲೇಟರನ್ನು ಸ್ಪ್ಯಾನರ್‌ನಿಂದ ಹೀಗೇ ತಟ್ಟುತ್ತಿದ್ದರು. ಕಣ್ಣಿಗೆ ಕಾಣದ ಕೂದಲೆಳೆ ಬಿರುಕು ಸಾಕು, ಮೊದಲ ಮಳೆಗೆ ಲೈನು ಟ್ರಿಪ್ಪು. ಸೊಂಟದ ಗುಂಡನ್ನು ತಯಾರಿಸುವ ಒಳ್ಳೆಯ ಕಾರ್ಖಾನೆಗಳು ಒಂದೊಂದು ಗುಂಡಿನ ಮೇಲೂ ಭಾರ ಹೇರಿ, ತಡೆದದ್ದನ್ನು ಮಾತ್ರ ಹೊರಗೆ ಕಳಿಸುತ್ತವೆ. ತಟ್ಟಿ ನೋಡುವುದರ ದೊಡ್ಡಣ್ಣ ಅನ್ನಿ.

ಇಲ್ಲಿ ಒಂದು ಕಥೆ ಹೇಳಲೇಬೇಕು, ಇಂಜಿನಿಯರುಗಳು ಮರೆಯಬಾರದ ಕಥೆ. ಅಲ್ಯುಮಿನಾಕ್ಕಿಂತ ಗಟ್ಟಿಮುಟ್ಟಾದ ಇನ್ನೊಂದು ಸೆರಾಮಿಕ್ ಇದೆ, ಜಿರ್ಕೋನಿಯಾ. ಅದರ ಹರಳುಗಳಿಗೆ ಒಂದು ಸ್ವಭಾವ. ಬಿರುಕು ಹತ್ತಿರ ಬಂದ ಕೂಡಲೇ ರೂಪ ಬದಲಿಸಿ ಸ್ವಲ್ಪ ಉಬ್ಬುತ್ತವೆ, ಉಬ್ಬಿ ಆ ಬಿರುಕಿನ ಬಾಯಿ ಮುಚ್ಚುತ್ತವೆ. ಆದ್ದರಿಂದ ಅದು ಬೇಗ ಒಡೆಯುವುದಿಲ್ಲ. ಫ್ರಾನ್ಸಿನ ಕಾರ್ಖಾನೆಯೊಂದು ಇದರ ಗುಂಡುಗಳನ್ನು ವರ್ಷಗಟ್ಟಲೆ ಮಾಡಿ ಮಾರಿತು, ಚೆನ್ನಾಗಿಯೇ ನಡೆದಿತ್ತು. 1998ರಲ್ಲಿ ಹಳೆಯ ಒಲೆ ಬಿಟ್ಟು ಸಾಲಾಗಿ ಸಾಗುತ್ತಾ ಬೇಯುವ ಸುರಂಗದ ಒಲೆ ಹಾಕಿದರು. ಹೆಚ್ಚು ಮಾಲು ಬೇಗ ಬರಲಿ ಅಂತ. ಪುಡಿ ಅದೇ, ಅಚ್ಚು ಅದೇ, ಒಲೆ ಮಾತ್ರ ಬೇರೆ. ಆ ಒಲೆಯಲ್ಲಿ ಬೆಂದ ಕೆಲವು ಗುಂಡುಗಳ ಹರಳುಗಳು ಮೈಯ ತೇವಕ್ಕೆ ಸುಮ್ಮಸುಮ್ಮನೆ ರೂಪ ಬದಲಿಸತೊಡಗಿದವು. ರೋಗಿಗಳ ಸೊಂಟದಲ್ಲಿ ಒಂದೆರಡು ವರ್ಷದಲ್ಲೇ ಗುಂಡು ಒಡೆದವು. 2001ರಲ್ಲಿ ಮಾಲು ವಾಪಸ್ಸು ಪಡೆದರು. ಆವಿಗೆ ಬದಲಾದರೆ ಮಡಕೆ ಬದಲಾಗುತ್ತದೆ ಅನ್ನುವುದು ಯಾವ ಕುಂಬಾರನಿಗೂ ಗೊತ್ತಿತ್ತು.

ಆ ಪೆಟ್ಟಿನ ನಂತರ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡನ್ನೂ ಬೆರೆಸಿದ್ದು: ಸುಮಾರು ಐದರಲ್ಲಿ ನಾಲ್ಕು ಪಾಲು ಅಲ್ಯುಮಿನಾ, ಉಳಿದದ್ದು ಹೆಚ್ಚಾಗಿ ಜಿರ್ಕೋನಿಯಾ. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಬಿಕ್ರಮ್‌ಜಿತ್ ಬಸು ಅವರು ಮೂಳೆ ಹಲ್ಲುಗಳಿಗೆ ಒಗ್ಗುವ ಇಂಥ ಸೆರಾಮಿಕ್‌ಗಳ ಮೇಲೆ ಬಹಳ ಕಾಲ ಕೆಲಸ ಮಾಡಿದರು. 2013ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಇಲ್ಲಿಂದ ಒಂದೂವರೆ ಗಂಟೆಯ ದಾರಿಯಲ್ಲಿ ನಡೆದ ಕೆಲಸ ಇದು.

ಹಲ್ಲಿನ ಮಾತು ಬಂತು. ಈಗ ಹಲ್ಲಿಗೆ ಹಾಕುವ ಬಿಳಿ ಟೊಪ್ಪಿಗೆ ಬಹಳ ಮಟ್ಟಿಗೆ ಜಿರ್ಕೋನಿಯಾ. ಅದನ್ನು ಅರೆಬೆಂದ ಸ್ಥಿತಿಯಲ್ಲಿ, ಸೀಮೆಸುಣ್ಣದಷ್ಟು ಮೆದುವಾಗಿರುವಾಗ, ಕಂಪ್ಯೂಟರ್ ಯಂತ್ರದಲ್ಲಿ ಕೆತ್ತುತ್ತಾರೆ. ಆಮೇಲೆ ಸುಮಾರು 1,500 ಡಿಗ್ರಿಯಲ್ಲಿ ಬೇಯಿಸುತ್ತಾರೆ. ಬೇಯುವಾಗ ಕುಗ್ಗುವುದರಿಂದ ಮೊದಲೇ ಶೇಕಡಾ 20ರಿಂದ 25ರಷ್ಟು ದೊಡ್ಡದಾಗಿ ಕೆತ್ತಿರುತ್ತಾರೆ. ಚನ್ನಪಟ್ಟಣದ ಬೊಂಬೆ ಕೆಲಸದವರಿಗೆ ಇದು ಹೊಸದಲ್ಲ. ಹಸಿ ಹಾಲೆ ಮರವನ್ನು ಒಣಗಿಸದೆ ಲೇತಿಗೆ ಕೊಟ್ಟರೆ ಆಮೇಲೆ ಏನಾಗುತ್ತದೆ ಅಂತ ಅವರನ್ನು ಕೇಳಿ ನೋಡಿ.

ಶಸ್ತ್ರಗಳ ವಿಚಾರ ಚಿಕ್ಕದಾಗಿ ಹೇಳುತ್ತೇನೆ, ಇದು ನನ್ನ ಕಸುಬಿಗೆ ಹತ್ತಿರದ್ದು. ಈಗಿನ ಆಪರೇಷನ್‌ಗಳಲ್ಲಿ ಕತ್ತರಿಸುವುದು, ರಕ್ತ ಕಟ್ಟಿಸುವುದು ಎಷ್ಟೋ ಕಡೆ ಕರೆಂಟಿನಿಂದ. ಕರೆಂಟು ಎಲ್ಲಿ ಬೇಕೋ ಅಲ್ಲಿ ಮಾತ್ರ ಹರಿಯಬೇಕು. ಹೊಟ್ಟೆಯೊಳಗೆ ಕೊಳವೆ ಬಿಟ್ಟು ಆರಂಭದ ಕ್ಯಾನ್ಸರ್ ಕೆತ್ತಿ ತೆಗೆಯುವುದಕ್ಕೆ ಜಪಾನಿನ ವೈದ್ಯರು ಒಂದು ಚಾಕು ಮಾಡಿದರು. ಅದರ ತುದಿಯಲ್ಲಿ ಸಣ್ಣದೊಂದು ಸೆರಾಮಿಕ್ ಗುಂಡು. ತುದಿ ಜಠರದ ಗೋಡೆಗೆ ತಾಗಿದರೂ ಅಲ್ಲಿ ಕರೆಂಟು ಹಾಯದೆ ತೂತು ಬೀಳುವ ಭಯ ತಗ್ಗುತ್ತದೆ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಕೊರೆಯುವ ಉಪಕರಣದ ಮೂತಿಯಲ್ಲೂ ಸೆರಾಮಿಕ್ ಇರುತ್ತದೆ. ಪೇಸ್‌ಮೇಕರ್‌ನ ಲೋಹದ ಡಬ್ಬಿಯಿಂದ ತಂತಿ ಹೊರಬರುವ ಜಾಗದಲ್ಲೂ ಅದೇ. ಕಂಬದ ಮೇಲಿನ ಪಿಂಗಾಣಿ ಮಾಡುವ ಕೆಲಸವನ್ನೇ ಅದು ಎದೆಯಲ್ಲಿ ಮಾಡುತ್ತಿದೆ. ಸ್ಕ್ಯಾನಿಂಗ್ ಮಾಡುವಾಗ ಹೊಟ್ಟೆಯ ಮೇಲೆ ಆಡಿಸುವ ಹಿಡಿಯೊಳಗೆ ಕರೆಂಟು ಕೊಟ್ಟರೆ ನಡುಗುವ ಬೇರೊಂದು ಬಗೆಯ ಸೆರಾಮಿಕ್ ಇದೆ. ಇಂಥದ್ದನ್ನೇ ಸೆಕೆಂಡಿಗೆ 55,000ಕ್ಕೂ ಹೆಚ್ಚು ಬಾರಿ ನಡುಗಿಸಿ, ಅದರ ತುದಿಯ ಅಲಗಿನಿಂದ ರಕ್ತ ಸೋರದಂತೆ ಕತ್ತರಿಸುವ ಉಪಕರಣವೂ ಬಂದಿದೆ.

ಈಗ ದನದ ಮೂಳೆಯ ಮಾತಿಗೆ ಬರುತ್ತೇನೆ. ಆ ನೆಂಟರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಕ್ಕನ ಸೊಂಟದ ವಿಷಯದಲ್ಲಿ ಸುಳ್ಳು; ಅವರಿಗೆ ಕೂರಿಸಿದ್ದು ಲೋಹದ್ದು. ಆದರೆ ಬೇರೊಂದು ಕಡೆ ನಿಜ. ನನ್ನದೇ ಅನುಭವ ಹೇಳುತ್ತೇನೆ. ದವಡೆಯ ಹಲ್ಲು ಕೀಳಿಸಿ ಇಂಪ್ಲಾಂಟ್ ಹಾಕಿಸಲು ಹೋದೆ. ಮೂಳೆ ತೆಳುವಾಗಿದೆ, ಸ್ವಲ್ಪ ಮೂಳೆಪುಡಿ ತುಂಬೋಣ ಅಂದರು. ಯಾವ ಮೂಳೆ ಅಂತ ಕೇಳಿದೆ. ಡಬ್ಬಿ ತೋರಿಸಿದರು. ಸಣ್ಣ ಅಕ್ಷರದಲ್ಲಿ ಗೋಮೂಲದ್ದು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ದನದ ಮೂಳೆಯಿಂದ ಮಾಂಸದ ಅಂಶವನ್ನೆಲ್ಲ ತೆಗೆದು ಖನಿಜ ಮಾತ್ರ ಉಳಿಸಿದ ಪುಡಿ. ನಾನು ಕೇಳದಿದ್ದರೆ ಅವರೂ ಹೇಳುತ್ತಿರಲಿಲ್ಲ. ಬೇರೆ ಇದೆಯೇ ಅಂದೆ. "ಇದೆಯಲ್ಲ ಸಾರ್, ಸಿಂಥೆಟಿಕ್" ಅಂದರು ಆ ಹುಡುಗ ಡಾಕ್ಟರು, ಏನೂ ವಿಶೇಷವಿಲ್ಲದ ಹಾಗೆ.

ಆ ಸಿಂಥೆಟಿಕ್ಕೂ ಸೆರಾಮಿಕ್ಕೇ. ನಮ್ಮ ಮೂಳೆಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ, ಕ್ಯಾಲ್ಸಿಯಂ ಮತ್ತು ಫಾಸ್ಫೇಟು ಸೇರಿದ್ದು. ಹೈಡ್ರಾಕ್ಸಿಅಪಟೈಟ್ ಅದರ ಹೆಸರು. ಅದನ್ನು ಪ್ರಯೋಗಶಾಲೆಯಲ್ಲಿ ಸುಣ್ಣದ ನೀರಿಗೆ ಫಾಸ್ಫರಿಕ್ ಆಮ್ಲ ಸೇರಿಸಿ ಮಾಡಬಹುದು, ಆಮೇಲೆ ಬೇಯಿಸಬಹುದು. ಯಾವ ಪ್ರಾಣಿಯೂ ಬೇಕಿಲ್ಲ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಅಂತ ಇನ್ನೊಂದಿದೆ. ಅದು ನಿಧಾನವಾಗಿ ಕರಗುತ್ತಾ ಹೋಗಿ ಆ ಜಾಗದಲ್ಲಿ ನಮ್ಮದೇ ಮೂಳೆ ಬೆಳೆಯಲು ಬಿಡುತ್ತದೆ. ಸಿಮೆಂಟಿಲ್ಲದೆ ಕೂರಿಸುವ ಸೊಂಟದ ಕಂಬಿಗೂ ಈ ಹೈಡ್ರಾಕ್ಸಿಅಪಟೈಟನ್ನು ಸುಣ್ಣ ಬಳಿದ ಹಾಗೆ ಬಳಿದಿರುತ್ತಾರೆ. ಮೂಳೆ ಅದನ್ನು ತನ್ನವನೇ ಅಂತ ತಿಳಿದು ಅಂಟಿಕೊಳ್ಳುತ್ತದೆ.

ನಾವು ಇದನ್ನು ಏಕೆ ಕೇಳಬೇಕು? ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದನದ ಮೂಳೆ ಮೈಲಿಗೆ ಅನ್ನುವ ಕಾರಣಕ್ಕೆ ನಾವು ಬೇಡ ಅನ್ನುವಂತಿಲ್ಲ. ಪಂಚಸೂತಕಗಳನ್ನು ಶರಣರು ಒಮ್ಮೆಗೇ ತಳ್ಳಿಹಾಕಿದರು. ಹುಟ್ಟಿದ ಮನೆಗೂ ಸತ್ತ ಮನೆಗೂ ಇಲ್ಲದ ಸೂತಕ ಒಂದು ಚಿಟಿಕೆ ಪುಡಿಗೆ ಎಲ್ಲಿಂದ ಬಂತು? ನಾವು ಮಾಂಸ ಬಿಟ್ಟದ್ದು ಮೈಲಿಗೆಯ ಭಯದಿಂದಲ್ಲ, ಕೊಲ್ಲುವುದು ಬೇಡ ಅಂತ. ಹಾಗಾದರೆ ಕೇಳಬೇಕಾದ ಪ್ರಶ್ನೆ ಬೇರೆ. ಇದು ಹೇಗೆ ಬಂತು, ಕೊಲ್ಲದೆ ಬಂದದ್ದು ಸಿಗುತ್ತದೆಯೇ, ಸಿಕ್ಕರೆ ನನ್ನ ಕಾಯಿಲೆಗೆ ಅದು ಆಗುತ್ತದೆಯೇ? ಕೆಲವೊಮ್ಮೆ ಆಗುವುದಿಲ್ಲ. ಹೃದಯದ ಕವಾಟ ಹಾಳಾದಾಗ ಒಂದು ದಾರಿ ಹಂದಿಯ ಕವಾಟದಿಂದಲೋ ದನದ ಹೃದಯದ ಪೊರೆಯಿಂದಲೋ ಮಾಡಿದ್ದು. ಇನ್ನೊಂದು ಪೈರೋಲಿಟಿಕ್ ಕಾರ್ಬನ್ ಎಂಬ ಸೆರಾಮಿಕ್ಕಿನಂಥ ಗಟ್ಟಿ ವಸ್ತುವಿನದು. ಎರಡನೆಯದನ್ನು ಹಾಕಿಸಿಕೊಂಡರೆ ಜೀವನವಿಡೀ ರಕ್ತ ತೆಳು ಮಾಡುವ ಮಾತ್ರೆ ನುಂಗಬೇಕು. ವಯಸ್ಸು ನೋಡಿ ಡಾಕ್ಟರು ಮೊದಲನೆಯದನ್ನೇ ಹೇಳಬಹುದು. ಆಪರೇಷನ್ ಹೊತ್ತಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬರುವುದು ಹೆಚ್ಚಾಗಿ ಹಂದಿಯ ಕರುಳಿನಿಂದ. ಅಂಥ ಕಡೆ ಜೀವ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು. ನಿಮ್ಮ ಮನಸ್ಸು ಬೇರೆ ಹೇಳಿದರೆ ಅದು ನಿಮ್ಮದು. ಆದರೆ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಮಾಗಡಿಯವರಿಗೆ ಒಂದು ಮಾತು. ನಿಮ್ಮ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳು ಕೊನೆಗಾಲದಲ್ಲಿ ಪಿತ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದ್ದೇವೆ. ಅದು ಸೆರಾಮಿಕ್ ಅಲ್ಲ ಬಿಡಿ. ಹೊರಗಿನ ವಸ್ತುವಂತೂ ಹೌದಲ್ಲ? ಅವರ ಲಿಂಗಪೂಜೆಗೆ ಅದರಿಂದ ಏನು ಕುಂದು ಬಂತು?

ಇನ್ನು ಅಕ್ಕ ಹೇಳಿದ ಮಾತು, ಲಿಂಗ ತೆಗೆಯುವುದು. ಆಸ್ಪತ್ರೆಯವರು ಏಕೆ ತೆಗೆಯಿರಿ ಅನ್ನುತ್ತಾರೆ ಅಂತ ತಿಳಿದರೆ ಅರ್ಧ ಜಗಳ ಮುಗಿಯುತ್ತದೆ. ಕರೆಂಟಿನ ಚಾಕು ಬಳಸುವಾಗ ಕರೆಂಟು ತುದಿಯಿಂದ ಮೈಯೊಳಗೆ ಹೋಗಿ ತೊಡೆಗೋ ಬೆನ್ನಿಗೋ ಅಂಟಿಸಿದ ಪಟ್ಟಿಯ ಮೂಲಕ ವಾಪಸ್ಸು ಹೋಗಬೇಕು. ಮೈಗೆ ತಾಗಿದ ಲೋಹ ಇದ್ದರೆ ಅಡ್ಡದಾರಿ ಹಿಡಿದು ಅಲ್ಲಿ ಚರ್ಮ ಸುಡಬಹುದು. ಎಂಆರ್‌ಐ ಕೋಣೆಗೂ ಲೋಹ ಒಯ್ಯಬಾರದು. ತಕರಾರು ಬೆಳ್ಳಿಯ ಕರಡಿಗೆಯದು, ಸರದ್ದು. ಒಳಗಿರುವ ಲಿಂಗ ಕಲ್ಲಿನದು, ಮೇಲೆ ಕಂತಿ. ಅದರಲ್ಲಿ ಕರೆಂಟು ಹರಿಯುವುದಿಲ್ಲ. ಕರಡಿಗೆ ಮನೆಯಲ್ಲಿ ಬಿಟ್ಟು, ಲಿಂಗವನ್ನು ಶುಭ್ರವಾದ ಬಟ್ಟೆಯಲ್ಲಿ ಸುತ್ತಿ, ಆಪರೇಷನ್ ಆಗುವ ಜಾಗದಿಂದ ದೂರ ತೋಳಿಗೆ ಕಟ್ಟಿಕೊಳ್ಳಬಹುದೇ ಅಂತ ಮುಂಚಿತವಾಗಿ ಅರಿವಳಿಕೆಯ ಡಾಕ್ಟರನ್ನು ಕೇಳಿ. ಒಪ್ಪುವವರಿದ್ದಾರೆ. ಸೋಂಕಿನ ಕಾರಣಕ್ಕೆ ಒಪ್ಪದಿದ್ದರೆ ಬಾಗಿಲ ಹೊರಗೆ ಮನೆಯವರೊಬ್ಬರು ಕರಸ್ಥಲದಲ್ಲಿ ಹಿಡಿದು ಕೂರಲಿ. ಇದರಲ್ಲಿ ಯಾವುದು ಸರಿ ಅಂತ ಆಪರೇಷನ್ ಹೊತ್ತಿನಲ್ಲಿ ವಾದಿಸುವುದಲ್ಲ. ಮಠಗಳಲ್ಲಿ ಪೂಜ್ಯರು ಮೊದಲೇ ಭಕ್ತರಿಗೆ ತಿಳಿಹೇಳಿದರೆ ನಮ್ಮ ಅಕ್ಕನಂಥವರ ಒಂಬತ್ತು ದಿನ ಉಳಿಯುತ್ತದೆ. ಇದು ಪೂಜ್ಯರಲ್ಲಿ ನನ್ನ ಬಿನ್ನಹ.

ದುಡ್ಡಿನ ವಿಚಾರ ಹೇಳದೆ ಇಳಿದರೆ ನೀವು ಕೇಳಿಯೇ ಕೇಳುತ್ತೀರಿ. ಮಂಡಿ ಚಿಪ್ಪಿನ ಆಪರೇಷನ್ ನಮ್ಮಲ್ಲಿ ಈಗ ಮನೆಮನೆಯ ಮಾತು. 2017ರ ಆಗಸ್ಟ್ 16ರಂದು ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರ ಮಂಡಿಯ ಇಂಪ್ಲಾಂಟಿಗೆ ಗರಿಷ್ಠ ಬೆಲೆ ಕಟ್ಟಿತು. ಸಾಧಾರಣ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ತೆರಿಗೆ ಬೇರೆ. ಅದಕ್ಕೆ ಮುಂಚೆ ಅದು ಸರಾಸರಿ ಒಂದೂವರೆ ಲಕ್ಷ ದಾಟಿತ್ತು. ಟೈಟಾನಿಯಂ ಮತ್ತು ಆಕ್ಸಿಡೈಸ್ಡ್ ಜಿರ್ಕೋನಿಯಂಗೆ 76,600. ಈ ಕೊನೆಯದು ಲೋಹವೇ, ಆದರೆ ಬಿಸಿ ಮಾಡಿ ಅದರ ಮೇಲ್ಮೈಯನ್ನು ಮಾತ್ರ ಕಪ್ಪು ಸೆರಾಮಿಕ್ ಆಗಿ ಮಾಡಿರುತ್ತಾರೆ. ಆಮೇಲೆ ದರಗಳು ಪರಿಷ್ಕರಣೆ ಆಗಿವೆ, ಬಿಲ್ಲಿನಲ್ಲಿ ಇಂಪ್ಲಾಂಟಿನ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ. ಇಂಪ್ಲಾಂಟಿನ ಡಬ್ಬಿಯ ಮೇಲಿನ ಸ್ಟಿಕ್ಕರನ್ನು ಡಿಸ್ಚಾರ್ಜ್ ಕಾಗದಕ್ಕೆ ಅಂಟಿಸಿಕೊಡಿ ಅಂತ ಕೇಳಿ. ಆ ಫ್ರಾನ್ಸಿನ ಗುಂಡುಗಳಂತೆ ಎಂದಾದರೂ ಮಾಲು ವಾಪಸ್ಸು ಅಂತ ಸುದ್ದಿ ಬಂದರೆ ನಿಮ್ಮದು ಯಾವ ತಂಡದ್ದು ಅಂತ ತಿಳಿಯುವುದು ಆ ನಂಬರಿನಿಂದಲೇ.

ಸೆರಾಮಿಕ್ ಅಂದರೆ ಎಲ್ಲರಿಗೂ ಅದೇ ಬೇಕು ಅಂತ ತಿಳಿಯಬೇಡಿ. ಎಂಬತ್ತರ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡರೆ ಲೋಹದ ಗುಂಡೇ ಸಾಕು, ಬೇಗ ಹಾಕುವುದು ಮುಖ್ಯ. ನಲವತ್ತೈವತ್ತರಲ್ಲಿ ಕೀಲು ಹಾಳಾದವರು ಇನ್ನೂ ಮೂವತ್ತು ವರ್ಷ ನಡೆಯಬೇಕಲ್ಲ, ಅವರಿಗೆ ಸವೆಯದ ಗುಂಡಿನ ಲಾಭ ಹೆಚ್ಚು. ಕೆಲವರಿಗೆ ನಡೆಯುವಾಗ ಕೀಲು ಕಿರ್ ಅಂತ ಸದ್ದು ಮಾಡುವುದೂ ಉಂಟು. ಅದನ್ನೂ ಮೊದಲೇ ಕೇಳಿಕೊಳ್ಳಿ.

ಅಕ್ಕನನ್ನು ನಮ್ಮ ಪದ್ಧತಿಯಂತೆ ಊರ ಹೊಲದಲ್ಲಿ ಕೂರಿಸಿ ಸಮಾಧಿ ಮಾಡಿದೆವು, ಕೈಯಲ್ಲಿ ಲಿಂಗ ಇಟ್ಟು. ಮಣ್ಣು ಹಾಕುವ ಮುಂಚೆ ಅದೇ ಹಿರಿಯರು ನನ್ನ ಹತ್ತಿರ ಬಂದು, ಆ ಗುಂಡನ್ನು ತೆಗೆಸಬೇಕಿತ್ತೇನಪ್ಪ ಅಂತ ಮೆಲ್ಲಗೆ ಕೇಳಿದರು. ಬೇಡ ದೊಡ್ಡಪ್ಪ, ಅದು ಅಕ್ಕನದೇ ಅಂದೆ. ಅವರು ತಲೆ ಆಡಿಸಿ ಒಂದು ಹಿಡಿ ಮಣ್ಣು ತೆಗೆದುಕೊಂಡರು.